ಮೇಲಿನ ಮನೆಯ ಸದ್ದು, ಕೆಳಗಿನ ಮನೆಯ ದೂರು: ಒಂದು ಬಾಡಿಗೆ ಕಟ್ಟಡದ ಪ್ರಕರಣ ಅಧ್ಯಯನ

ಬೆಂಗಳೂರಿನ ದಕ್ಷಿಣ ಭಾಗದ ಒಂದು ಬಡಾವಣೆಯಲ್ಲಿ 30×40 ನಿವೇಶನದ ಬಾಡಿಗೆ ಕಟ್ಟಡ. ನೆಲಮಹಡಿಯಲ್ಲಿ ನಾಲ್ಕು ಜನರ ಸಂಸಾರ. ಮೊದಲ ಮಹಡಿಯಲ್ಲಿ ಗಂಡ ಹೆಂಡತಿ ಇಬ್ಬರೇ. ಗಂಡನಿಗೆ ರಾತ್ರಿ ಪಾಳಿ. ಎರಡನೇ ಮಹಡಿಯಲ್ಲಿ ದಂಪತಿ, ಅವರ ನಾಲ್ಕು ವರ್ಷದ ಮಗು, ಜೊತೆಗೆ ಅಜ್ಜಿ. ಟೆರೇಸಿನ ಸಿಂಗಲ್ ರೂಮಿನಲ್ಲಿ ಕೆಲಸಕ್ಕೆ ಹೋಗುವ ಇಬ್ಬರು ಹುಡುಗರು. ಒಟ್ಟು ಹನ್ನೆರಡು ಜನ. ಓನರ್ ನಿವೃತ್ತ ಮಹಿಳೆ, ಇರುವುದು ಬೇರೆ ಬಡಾವಣೆಯಲ್ಲಿ; ಬಾಡಿಗೆ, ರಿಪೇರಿ, ದೂರು ಎಲ್ಲವೂ ವಾಟ್ಸ್‌ಆ್ಯಪ್‌ನಲ್ಲೇ ನಡೆಯುತ್ತವೆ.

ಇಂಥ ಕಟ್ಟಡಗಳಲ್ಲಿ ಪದೇ ಪದೇ ಎದುರಾಗುವ ಸಂಗತಿಗಳನ್ನು ಒಂದೇ ಕಟ್ಟಡಕ್ಕೆ ತಂದು ಬರೆದ ಮಾದರಿ ಪ್ರಕರಣವಿದು. ಮನೆಗಳ ಗುರುತು, ಖರ್ಚು, ಪಟ್ಟಿಯ ಲೆಕ್ಕ ಎಲ್ಲವೂ ಆ ಮಾದರಿಗೆ ಸೇರಿದವು. ಕಾಯ್ದೆ, ಕಟ್ಟಡ ಮತ್ತು ಸದ್ದಿನ ವಿಚಾರ ಮಾತ್ರ ಯಾವ ಬಾಡಿಗೆ ಮನೆಗಾದರೂ ಅನ್ವಯಿಸುವಂಥವು.

ಕಟ್ಟಡದ ವಿವರ ಮುಂದೆ ಬೇಕಾಗುತ್ತದೆ. ಹೊರಗೋಡೆ 6 ಇಂಚಿನ ಸಿಮೆಂಟ್ ಬ್ಲಾಕ್, ಒಳಗೋಡೆ 4 ಇಂಚು, ಮಹಡಿಗಳ ನಡುವಿನ ಆರ್‌ಸಿಸಿ (ಕಬ್ಬಿಣ ಹಾಕಿದ ಕಾಂಕ್ರೀಟ್) ತಾರಸಿ 5 ಇಂಚು, ಅದರ ಮೇಲೆ ನೇರವಾಗಿ ಕೂರಿಸಿದ ವಿಟ್ರಿಫೈಡ್ ಟೈಲ್ಸ್. ಮೂರೂ ಮಹಡಿಗೆ ಒಂದೇ ನಕ್ಷೆ. ಅಡುಗೆಮನೆಯ ಕೆಳಗೆ ಅಡುಗೆಮನೆ, ಮಲಗುವ ಕೋಣೆಯ ಕೆಳಗೆ ಮಲಗುವ ಕೋಣೆ. ಸಂಪು ಗೇಟಿನ ಪಕ್ಕ, ಮೋಟಾರು 1 ಎಚ್‌ಪಿ, ಟೆರೇಸಿನ ಮೇಲೆ 2,000 ಲೀಟರ್ ಟ್ಯಾಂಕು.

ದೂರು ಬಂದದ್ದು ಮೊದಲ ಮಹಡಿಯಿಂದ, ಒಂದು ವಾಯ್ಸ್ ಮೆಸೇಜಿನಲ್ಲಿ. “ಆಂಟಿ, ಮೇಲ್ಗಡೆ ಮನೆಯವ್ರು ಬೆಳಗ್ಗೆ ಐದೂವರೆಗೇ ಶುರು ಹಚ್ಕೊಳ್ತಾರೆ. ಧಡ್ ಧಡ್ ಅಂತ ಓಡಾಡೋದು, ಏನೋ ಕುಟ್ಟೋದು, ಗುಂಡು ಉರುಳಿಸ್ದಂಗೆ ಸದ್ದು, ಮಿಕ್ಸಿ ಬೇರೆ. ನಮ್ಮನೆಯವ್ರು ಶಿಫ್ಟ್ ಮುಗಿಸಿ ಮಲಗೋದೇ ನಾಲ್ಕು ಗಂಟೆಗೆ. ನೀವೇ ಒಂದ್ಸಲ ಹೇಳಿ.”

ಓನರ್ ಆ ಮೆಸೇಜನ್ನು ಹಾಗೇ ಎರಡನೇ ಮಹಡಿಗೆ ಫಾರ್ವರ್ಡ್ ಮಾಡಿದರು. ಹೆಚ್ಚಿನ ಓನರುಗಳು ಮಾಡುವುದು ಇದನ್ನೇ, ಜಗಳ ಬೆಳೆಯುವುದೂ ಇಲ್ಲಿಂದಲೇ. ದೂರಿನ ದನಿ, ಸಿಟ್ಟು, ಹೆಸರು ಮೂರೂ ಒಟ್ಟಿಗೆ ಮೇಲೆ ತಲುಪಿದವು. “ಮಗು ಕಾಲಿಗೆ ಹಗ್ಗ ಕಟ್ಟೋಕಾಗುತ್ತಾ ಆಂಟಿ?” ಎಂಬ ಉತ್ತರ ಬಂತು. ಎರಡು ದಿನ ಕಳೆದ ಮೇಲೆ ಕೆಳಗಿನವರು ಪೊರಕೆಯ ಹಿಡಿಯಿಂದ ತಾರಸಿಗೆ ಕುಟ್ಟಿದರು. ಮೇಲಿನವರು ಬೇಕೆಂದೇ ಕುರ್ಚಿ ಎಳೆದರು ಎಂಬುದು ಕೆಳಗಿನವರ ನಂಬಿಕೆ. ಊಟಕ್ಕೆ ಕೂರುವಾಗ ಕುರ್ಚಿ ಎಳೆಯದೆ ಇರಲಾಗುತ್ತದೆಯೇ ಎಂಬುದು ಮೇಲಿನವರ ಪ್ರಶ್ನೆ. ಮೆಟ್ಟಿಲ ಮೇಲೆ ಎದುರಾದರೆ ಮಾತಿಲ್ಲ ಎನ್ನುವ ಹಂತಕ್ಕೆ ಹತ್ತೇ ದಿನದಲ್ಲಿ ಬಂದಿತ್ತು.

ಮುಂದೆ ಓನರ್ ಯೋಚಿಸಿದ್ದು ಇಬ್ಬರನ್ನೂ ಗೇಟಿನ ಹತ್ತಿರ ಕರೆದು “ನೋಡ್ರಪ್ಪಾ, ಹೊಂದ್ಕೊಂಡು ಹೋಗಿ” ಎಂದುಬಿಡುವುದನ್ನು. ಅದು ಬೇಡವೆಂದು ತಡೆದದ್ದು ಅವರ ಮಗ. ಆ ಹಂತದಲ್ಲಿ ಮುಖಾಮುಖಿ ಕೂರಿಸಿದರೆ ಇಬ್ಬರೂ ತಮ್ಮ ತಮ್ಮ ಮಾತನ್ನು ಗೆಲ್ಲಿಸಿಕೊಳ್ಳಲೇ ಬೇಕಾಗುತ್ತದೆ, ಅದೂ ಅಕ್ಕಪಕ್ಕದವರು ನೋಡುತ್ತಿರುವಾಗ. ಸದ್ದು ಎಲ್ಲಿಂದ ಬರುತ್ತಿದೆ ಎಂಬುದೇ ಯಾರಿಗೂ ಗೊತ್ತಿರಲಿಲ್ಲ. “ಯಾರು ಮಾಡ್ತಿದ್ದಾರೆ” ಎಂಬ ಪ್ರಶ್ನೆಯನ್ನು ಬದಿಗಿಟ್ಟು “ಯಾವ ಸದ್ದು, ಎಷ್ಟು ಹೊತ್ತಿಗೆ, ಯಾವ ದಾರಿಯಲ್ಲಿ” ಎಂದು ಕೇಳಿದ್ದರಿಂದ ಈ ಪ್ರಕರಣ ತಿರುಗಿತು. ಸೋರುವ ಪೈಪನ್ನು ಹುಡುಕುವಾಗ ಓನರ್ ಹೇಗೆ ಯೋಚಿಸುತ್ತಾರೋ ಸದ್ದಿನ ದೂರಿಗೂ ಮೊದಲು ಹಾಗೆಯೇ ಯೋಚಿಸಬೇಕು.

ಹದಿನಾಲ್ಕು ದಿನದ ಪಟ್ಟಿ

ಮೊದಲ ಮಹಡಿಯವರಿಗೆ ಒಂದು ಹಾಳೆ ಕೊಟ್ಟರು. ಅದರಲ್ಲಿ ಐದೇ ಕಲಂ: ದಿನಾಂಕ, ಶುರುವಾದ ಹೊತ್ತು, ನಿಂತ ಹೊತ್ತು, ಯಾವ ಕೋಣೆಯಲ್ಲಿ ಕೇಳಿಸಿತು, ಸದ್ದು ಹೇಗಿತ್ತು. ಕೊನೆಯ ಕಲಮಿನಲ್ಲಿ ಊಹೆ ಬರೆಯಬಾರದು ಎಂದು ಮೊದಲೇ ಹೇಳಿದ್ದರು. “ಮಗು ಓಡಿತು” ಎಂದಲ್ಲ, “ಧಡ್ ಧಡ್, ಬೇಗ ಬೇಗ, ಹತ್ತು ಸೆಕೆಂಡು” ಎಂದು ಬರೆಯಬೇಕು. ಊಹೆ ಒಮ್ಮೆ ಬರೆದರೆ ಮರುದಿನದ ಸದ್ದೂ ಅದೇ ಊಹೆಯ ಖಾತೆಗೆ ಬೀಳುತ್ತದೆ.

ಎರಡನೇ ಮಹಡಿಗೆ ಓನರೇ ಹೋದರು. ದೂರು ಬಂದದ್ದನ್ನು ಮುಚ್ಚಿಡಲಿಲ್ಲ, ಆದರೆ ತೀರ್ಪನ್ನೂ ಹೊತ್ತು ಹೋಗಲಿಲ್ಲ. “ನಾನು ಆವತ್ತು ಮೆಸೇಜ್ ಹಾಗೇ ಕಳಿಸ್ಬಾರ್ದಿತ್ತಮ್ಮ. ಸದ್ದು ನಿಮ್ಮನೆಯಿಂದ್ಲೇ ಅಂತ ನಾನು ಹೇಳ್ತಿಲ್ಲ. ಎಲ್ಲಿಂದ ಅಂತ ನೋಡ್ತಿದ್ದೀನಿ. ಎರಡು ವಾರ ಮಿಕ್ಸಿ, ವಾಷಿಂಗ್ ಮಷೀನು ಹಾಕೋ ಹೊತ್ತು ಒಂದು ಕಡೆ ಬರೆದಿಡ್ತೀರಾ?” ನೆಲಮಹಡಿಯವರಿಗೆ ಕೇಳಿದ್ದು ಒಂದೇ: ಮೋಟಾರು ಹಾಕುವ ಮತ್ತು ಆರಿಸುವ ಹೊತ್ತು. ಸ್ವಿಚ್ಚು ಇರುವುದು ಅವರ ಮನೆಯ ಹೊರಗೆ, ದಿನವೂ ಹಾಕುವವರು ಆ ಮನೆಯ ಯಜಮಾನರು. ಟೆರೇಸಿನ ಹುಡುಗರಿಗೆ ಪಟ್ಟಿ ಕೊಡಲಿಲ್ಲ. ರಾತ್ರಿ ಬರುವ ಹೊತ್ತು ಕೇಳಿದರು, ಅಷ್ಟೇ. ಬ್ಯಾಚುಲರ್ ಹುಡುಗರಿದ್ದರೆ ಅನುಮಾನ ಮೊದಲು ಅವರ ಮೇಲೇ ಬೀಳುತ್ತದೆ. ಇಲ್ಲಿಯೂ ಓನರಿನ ಮೊದಲ ಮಾತು “ಆ ಹುಡುಗ್ರದ್ದೇ ಇರ್ಬೇಕು” ಎಂದೇ ಇತ್ತು.

ಎರಡು ವಾರ ಕಳೆದ ಮೇಲೆ ಮೂರು ಹಾಳೆಗಳನ್ನು ಅಕ್ಕಪಕ್ಕ ಇಟ್ಟರು. ಕೆಳಗಿನವರ ಪಟ್ಟಿಯಲ್ಲಿ 31 ನಮೂದು. ಅದರಲ್ಲಿ 13 ಬೆಳಗ್ಗೆ 5:30ರಿಂದ 6:05ರ ಒಳಗಿನವು: “ಗುಂಯ್ ಅಂತ ಒಂದೇ ಸಮ, ಕೊನೆಗೆ ಧಡ್, ಆಮೇಲೆ ಗುಂಡು ಉರುಳಿದ ಹಾಗೆ.” 8 ರಾತ್ರಿ 9ರಿಂದ 10:30ರ ನಡುವಿನ ಕುರ್ಚಿ ಎಳೆತ ಮತ್ತು ಓಡಾಟ. 6 ಬೆಳಗಿನ ಕುಟ್ಟುವ ಸದ್ದು. ಉಳಿದ 4 ಬಿಡಿ ಬಿಡಿ. ಅವುಗಳಲ್ಲಿ ಒಂದು ರಾತ್ರಿ 11:40ಕ್ಕೆ ಗೇಟು ಹಾಕಿದ್ದು. ಹುಡುಗರ ಪಾಲಿಗೆ ಬಂದದ್ದು ಅದೊಂದೇ. ಮೊದಲ ಮೆಸೇಜಿನಲ್ಲಿ ಅಷ್ಟು ಒತ್ತಿ ಹೇಳಿದ್ದ ಮಿಕ್ಸಿ ಪಟ್ಟಿಯಲ್ಲಿ ಒಮ್ಮೆಯೂ ಇರಲಿಲ್ಲ.

ಬೆಳಗಿನ 13 ನಮೂದುಗಳಲ್ಲಿ 12 ನೆಲಮಹಡಿಯ ಮೋಟಾರಿನ ಹೊತ್ತಿಗೆ ನಿಮಿಷ ಹಿಂದೆಮುಂದೆ ಹೊಂದಿಕೊಂಡವು. ಇನ್ನೂ ದೊಡ್ಡ ಸುಳಿವು ಒಂದು ಶನಿವಾರ, ಭಾನುವಾರದ್ದು. ಆ ಎರಡು ದಿನ ಎರಡನೇ ಮಹಡಿಯವರು ಗೃಹಪ್ರವೇಶಕ್ಕೆಂದು ಹಾಸನಕ್ಕೆ ಹೋಗಿದ್ದರು, ಮನೆಗೆ ಬೀಗ. ಆ ಎರಡೂ ಬೆಳಗ್ಗೆ ಗುಂಯ್, ಧಡ್, ಗುಂಡು ಎಲ್ಲ ಯಥಾಪ್ರಕಾರ ದಾಖಲಾಗಿದ್ದವು. ಕೆಳಗಿನವರು ಸುಳ್ಳು ಹೇಳಿರಲಿಲ್ಲ. ಸದ್ದು ನಿಜ, ನಿದ್ದೆ ಕೆಟ್ಟದ್ದೂ ನಿಜ, ಬೆರಳು ತೋರಿಸಿದ ದಿಕ್ಕು ಮಾತ್ರ ಬೇರೆ. ಕಾಂಕ್ರೀಟಿನೊಳಗೆ ಹರಿದು ಬರುವ ಸದ್ದು ಕೋಣೆಯ ಎಲ್ಲ ಕಡೆಯಿಂದ ಹೊಮ್ಮುತ್ತದೆ, ಕಿವಿಗೆ ಅದರ ದಿಕ್ಕು ಸಿಗುವುದಿಲ್ಲ. ಮನಸ್ಸು ಅದನ್ನು ಮೇಲಿನ ಮನೆಗೆ ಒಪ್ಪಿಸಿಬಿಡುತ್ತದೆ.

ಇಪ್ಪತ್ತು ನಿಮಿಷದ ಪರೀಕ್ಷೆ

ಪಟ್ಟಿಯಷ್ಟಕ್ಕೇ ರಿಪೇರಿಗೆ ಕೈ ಹಾಕಬಾರದು. ಒಂದು ಭಾನುವಾರ ಮಧ್ಯಾಹ್ನ ಓನರ್ ಮೊದಲ ಮಹಡಿಯ ಮಲಗುವ ಕೋಣೆಯಲ್ಲಿ ಕಿಟಕಿ, ಫ್ಯಾನು ಎರಡೂ ಬಂದ್ ಮಾಡಿ ನಿಂತರು. ಮಗ ಎರಡನೇ ಮಹಡಿಯಲ್ಲಿ. ಇಬ್ಬರ ನಡುವೆ ಫೋನ್ ಕರೆ. ಮೇಲೆ ಒಂದೊಂದೇ ಸದ್ದು: ಬರಿಗಾಲ ನಡಿಗೆ, ಚಪ್ಪಲಿ ನಡಿಗೆ, ಮಗುವಿನ ಓಟ, ಖಾಲಿ ಕುರ್ಚಿ ಎಳೆತ, ಜನ ಕೂತ ಕುರ್ಚಿ ಎಳೆತ, ಸ್ಟೀಲ್ ಲೋಟ ಬೀಳಿಸುವುದು, ಕುಟ್ಟಾಣಿ, ಮಿಕ್ಸಿ, ಬಾಗಿಲು. ಪ್ರತಿಯೊಂದಕ್ಕೂ ಅರ್ಧ ನಿಮಿಷ, ನಡುವೆ ಅಷ್ಟೇ ವಿರಾಮ. ಕೊನೆಗೆ ಮೋಟಾರು ಹಾಕಿ, ಐದು ನಿಮಿಷ ಬಿಟ್ಟು ಆರಿಸಿದರು. ಕೆಳಗಿನ ಮನೆಯವರೂ ಅಲ್ಲೇ ನಿಂತು ಕೇಳಿದ್ದು ಮುಖ್ಯ. ಮಿಕ್ಸಿ ಬಹುತೇಕ ಕೇಳಿಸುವುದೇ ಇಲ್ಲ, ಮೋಟಾರು ಗೋಡೆಯನ್ನೇ ನಡುಗಿಸುತ್ತದೆ ಎಂಬುದನ್ನು ಯಾರೂ ಅವರಿಗೆ ವಾದಿಸಿ ಒಪ್ಪಿಸಬೇಕಾಗಲಿಲ್ಲ.

ಮಿಕ್ಸಿ ಏಕೆ ಕೇಳಿಸಲಿಲ್ಲ? 5 ಇಂಚಿನ ಕಾಂಕ್ರೀಟ್ ತಾರಸಿ ಚದರ ಮೀಟರಿಗೆ ಸುಮಾರು 300 ಕಿಲೋ ತೂಗುತ್ತದೆ. ಗಾಳಿಯಲ್ಲಿ ಬರುವ ಸದ್ದಿಗೆ, ಅಂದರೆ ಮಾತು, ಟಿವಿ, ಮಿಕ್ಸಿಯ ಕಿರುಚಾಟಕ್ಕೆ, ಅಷ್ಟು ಭಾರವನ್ನು ಅಲುಗಿಸುವುದು ಕಷ್ಟ. ಕಾಂಕ್ರೀಟಿಗೆ ನೇರವಾಗಿ ಬಿದ್ದ ಪೆಟ್ಟಿನ ಕಥೆ ಬೇರೆ. ಹಿಮ್ಮಡಿ, ಕುರ್ಚಿಯ ಕಾಲು, ಕುಟ್ಟಾಣಿ, ಗೋಡೆಗೆ ಬಿಗಿದ ಪೈಪಿನ ನಡುಕ ಇವೆಲ್ಲ ಗಟ್ಟಿ ವಸ್ತುವಿನೊಳಗೇ ಹುಟ್ಟುವುದರಿಂದ ತಾರಸಿ, ಬೀಮು, ಕಂಬ ಹಿಡಿದು ಬೇರೆ ಮಹಡಿಗೂ ಹೋಗುತ್ತವೆ. ಈ ವ್ಯತ್ಯಾಸ ಗೊತ್ತಿಲ್ಲದೆ ದುಡ್ಡು ಕಳೆದುಕೊಳ್ಳುವವರು ಬಹಳ. ಮೊಟ್ಟೆ ಟ್ರೇಯಂಥ ಫೋಮ್ ಹಾಳೆ ಗೋಡೆಗೆ ಅಂಟಿಸಿದರೆ ಕೋಣೆಯೊಳಗಿನ ಪ್ರತಿಧ್ವನಿ ತಗ್ಗುತ್ತದೆ, ಪಕ್ಕದ ಮನೆಯ ಸದ್ದು ನಿಲ್ಲುವುದಿಲ್ಲ. ಕೆಳಗಿನ ಮನೆಗೆ ಸಾದಾ ಜಿಪ್ಸಮ್ ಫಾಲ್ಸ್ ಸೀಲಿಂಗ್ ಮಾಡಿಸಿದರೂ ಪೆಟ್ಟಿನ ಸದ್ದು ಗೋಡೆಗಳ ಮೂಲಕ ಇಳಿದು ಬರುತ್ತಲೇ ಇರುತ್ತದೆ. ಪೆಟ್ಟನ್ನು ಹುಟ್ಟುವಲ್ಲೇ ಮೆತ್ತಗೆ ಮಾಡುವುದು ಅಗ್ಗ, ಪರಿಣಾಮವೂ ಹೆಚ್ಚು.

ಫೋನಿನ ಡೆಸಿಬೆಲ್ ಆ್ಯಪ್ ಬಳಸಿದರು, ಆದರೆ ಹೋಲಿಕೆಗೆ ಮಾತ್ರ. ಒಂದೇ ಫೋನು, ಮಂಚದ ಮೇಲೆ ಒಂದೇ ಜಾಗ, ಕಿಟಕಿ ಬಂದ್. ಮೋಟಾರು ಇಲ್ಲದಾಗ 34, ಇದ್ದಾಗ 46. ಫೋನಿನ ಮೈಕು ಪ್ರಮಾಣೀಕರಿಸಿದ ಮೀಟರ್ ಅಲ್ಲ, ಹಾಗಾಗಿ ಈ ಅಂಕಿಯನ್ನು ದೂರಿನ ಸಾಕ್ಷಿಯಾಗಿ ಒಯ್ಯಲಾಗದು. ರಿಪೇರಿಯ ಮೊದಲು ಮತ್ತು ನಂತರದ ವ್ಯತ್ಯಾಸ ನೋಡಲು ಸಾಕು. ಹಿಮ್ಮಡಿ ಸದ್ದನ್ನು ಇಂಥ ಆ್ಯಪ್ ಕಡಿಮೆಯೇ ತೋರಿಸುತ್ತದೆ. ಅಷ್ಟು ಕೆಳದನಿಯ ಸದ್ದಿಗೆ ಡೆಸಿಬೆಲ್-ಎ ಅಳತೆಯಲ್ಲಿ, ಅಂದರೆ ಮನುಷ್ಯರ ಕಿವಿಗೆ ಹೊಂದಿಸಿದ ಅಳತೆಯಲ್ಲಿ, ತೂಕ ಕಡಿಮೆ. “ಆ್ಯಪಲ್ಲಿ ಏನೂ ಬರ್ತಿಲ್ವಲ್ಲ” ಎಂದು ದೂರನ್ನು ತಳ್ಳಿಹಾಕುವುದು ಸರಿಯಲ್ಲ.

ಮೋಟಾರು

ತಪ್ಪು ನಾಲ್ಕು ಕಡೆ ಇತ್ತು. ಮೋಟಾರನ್ನು ಸಿಮೆಂಟ್ ಕಟ್ಟೆಗೆ ನೇರ ಬೋಲ್ಟ್ ಹಾಕಿ ಬಿಗಿದಿದ್ದರು. ಅಲ್ಲಿಂದ 1 ಇಂಚಿನ ಗಟ್ಟಿ ಪೈಪು ಹೊರಗೋಡೆ ಹಿಡಿದು ಮೇಲೆ ಹೋಗಿತ್ತು, ಸರಿಯಾಗಿ ಮಲಗುವ ಕೋಣೆಯ ಗೋಡೆಯ ಮೇಲೆ. ಪೈಪಿನ ಲೋಹದ ಕ್ಲಾಂಪುಗಳು ಗೋಡೆಗೆ ನೇರ ಕಚ್ಚಿಕೊಂಡಿದ್ದವು. ಇನ್ನು, ನೀರು ಹಿಂದೆ ಬಾರದಂತೆ ತಡೆಯುವ ಎನ್‌ಆರ್‌ವಿ ಹಳೆಯ ಬೀಸುಬಾಗಿಲಿನ ಮಾದರಿಯದು. ಮೋಟಾರು ನಿಂತ ಕ್ಷಣ ಮೂರು ಮಹಡಿ ಎತ್ತರದ ನೀರಿನ ಕಂಬ ಹಿಂದಕ್ಕೆ ಹೊರಳಿ ಆ ಬಾಗಿಲನ್ನು ಬಡಿಯುತ್ತದೆ. “ಧಡ್” ಅದು. ಆ ಪೆಟ್ಟಿಗೆ ಸಡಿಲ ಪೈಪು ಕ್ಲಾಂಪಿನೊಳಗೆ ಗಡಗಡ ಅಲುಗುವುದು “ಗುಂಡು ಉರುಳಿದ” ಸದ್ದು.

ಪ್ಲಂಬರ್ ಮಾಡಿದ್ದು: ಮೋಟಾರಿನ ಕೆಳಗೆ 12 ಮಿ.ಮೀ. ರಬ್ಬರ್ ಪ್ಯಾಡ್, ಮೋಟಾರು ಮತ್ತು ಗಟ್ಟಿ ಪೈಪಿನ ನಡುವೆ ಒಂದು ಅಡಿ ಉದ್ದದ, ಒಳಗೆ ಹೆಣಿಗೆಯಿರುವ ಒತ್ತಡ ತಡೆಯುವ ಹೋಸು, ಗೋಡೆಯುದ್ದಕ್ಕೂ ರಬ್ಬರ್ ಪಟ್ಟಿಯಿರುವ ಕ್ಲಾಂಪು, ಎನ್‌ಆರ್‌ವಿ ತೆಗೆದು ಸ್ಪ್ರಿಂಗ್ ಇರುವ ಮಾದರಿ. ಸ್ಪ್ರಿಂಗ್ ಇದ್ದರೆ ನೀರು ಹಿಂದಕ್ಕೆ ತಿರುಗುವ ಮೊದಲೇ ಬಾಗಿಲು ಮುಚ್ಚಿರುತ್ತದೆ. ಸಾಮಾನು, ಕೂಲಿ ಸೇರಿ ಸುಮಾರು 4,200 ರೂಪಾಯಿ.

ಮೊದಲ ಸಲ ಅರ್ಧ ಮಾತ್ರ ಉಪಯೋಗವಾಯಿತು; ಧಡ್ ಹೋಯಿತು, ಗುಂಯ್ ಉಳಿಯಿತು. ಪ್ಯಾಡ್ ಇಟ್ಟರೂ ಬೋಲ್ಟುಗಳು ಪ್ಯಾಡಿನ ಮೂಲಕ ಹಾಯ್ದು ಮೋಟಾರಿನ ಪಾದವನ್ನು ಕಟ್ಟೆಗೆ ಲೋಹದಿಂದ ಲೋಹಕ್ಕೆ ಬಿಗಿಹಿಡಿದಿದ್ದವು. ನಡುಕ ರಬ್ಬರನ್ನು ಬಿಟ್ಟು ಬೋಲ್ಟಿನ ದಾರಿ ಹಿಡಿದಿತ್ತು. ಬೋಲ್ಟಿಗೆ ರಬ್ಬರ್ ಬುಷ್ (ಬೋಲ್ಟಿನ ಸುತ್ತ ಕೂರುವ ರಬ್ಬರ್ ಕೊಳವೆ), ಅದರ ಮೇಲೆ ಅಗಲ ವಾಷರ್ ಹಾಕಿ, ರಬ್ಬರ್ ಚಪ್ಪಟೆಯಾಗದಷ್ಟೇ ಬಿಗಿ ಮಾಡಿದ ಮೇಲೆ ಆ್ಯಪಿನಲ್ಲಿ 46 ಇದ್ದದ್ದು 37ಕ್ಕೆ ಇಳಿಯಿತು. ಈ ಕೆಲಸದಲ್ಲಿ ಪ್ಲಂಬರುಗಳು ಹೆಚ್ಚಾಗಿ ತಪ್ಪುವುದು ಇಲ್ಲೇ. ಬಿಗಿ ಮಾಡಿದಷ್ಟೂ ಒಳ್ಳೆಯದು ಎಂಬ ಅಭ್ಯಾಸ ಕೈಗೆ ಕೂತಿರುತ್ತದೆ.

ಹೊತ್ತನ್ನೂ ಬದಲಿಸಬೇಕಿತ್ತು. ಬೆಳಗ್ಗೆ ತುಂಬಿಸದಿದ್ದರೆ ಸ್ನಾನದ ಹೊತ್ತಿಗೆ ನೀರು ಸಾಲುವುದಿಲ್ಲ ಎಂಬುದು ನೆಲಮಹಡಿಯವರ ಆತಂಕ. ಲೆಕ್ಕ ಹಾಕಿದರು: ನಗರದ ನೀರಿನ ಯೋಜನೆಗಳಲ್ಲಿ ಬಳಸುವ ಪ್ರಮಾಣ ತಲೆಗೆ ದಿನಕ್ಕೆ 135 ಲೀಟರ್. ಹನ್ನೆರಡು ಜನಕ್ಕೆ 1,620 ಲೀಟರ್. ಟ್ಯಾಂಕು 2,000. ಸಂಜೆ ಏಳಕ್ಕೆ ತುಂಬಿಸಿದರೆ ಮರುದಿನ ಸಂಜೆಯವರೆಗೆ ಬರಬೇಕು. ಆದರೂ ಮೂರನೇ ದಿನ ಬೆಳಗ್ಗೆ ಎಂಟಕ್ಕೆ ಟ್ಯಾಂಕು ಖಾಲಿ, ಮತ್ತೆ ಐದೂವರೆಯ ಮೋಟಾರು. ಲೆಕ್ಕ ತಪ್ಪಿರಲಿಲ್ಲ, ಟೆರೇಸ್ ರೂಮಿನ ಫ್ಲಶ್ ಟ್ಯಾಂಕು ರಾತ್ರಿಯಿಡೀ ಸದ್ದಿಲ್ಲದೆ ಸೋರುತ್ತಿತ್ತು. ಫ್ಲಶ್ ಟ್ಯಾಂಕಿಗೆ ಅರಿಶಿನದ ನೀರು ಸುರಿದು, ಫ್ಲಶ್ ಮಾಡದೆ ಅರ್ಧ ಗಂಟೆ ಬಿಟ್ಟು ಕಮೋಡಿನಲ್ಲಿ ಬಣ್ಣ ಬಂತೇ ಎಂದು ನೋಡಿದರು. ಬಂದಿತ್ತು. ವಾಷರ್ ಬದಲಿಸಿದ ಮೇಲೆ ಸಂಜೆಯ ಮೋಟಾರು ಕಾಯಂ ಪದ್ಧತಿಯಾಯಿತು.

ಎರಡನೇ ಮಹಡಿಯ ಪಾಲು

ಮೋಟಾರು ಸರಿಹೋಯಿತೆಂದು ಮೇಲಿನವರ ಪಾಲು ಶೂನ್ಯವಾಗಲಿಲ್ಲ. ಪಟ್ಟಿಯಲ್ಲಿ ಕುರ್ಚಿ, ಓಟ, ಕುಟ್ಟುವ ಸದ್ದು ಉಳಿದಿದ್ದವು. ಆದರೆ ಮೋಟಾರಿನ ತಪ್ಪನ್ನು ಓನರ್ ಮೊದಲು ಒಪ್ಪಿಕೊಂಡು ಸರಿಪಡಿಸಿದ್ದರಿಂದ ಈ ಮಾತು ಈಗ ಸುಲಭವಾಯಿತು. ತಾನು ಖರ್ಚು ಮಾಡದ ಓನರ್ ಬಾಡಿಗೆದಾರರಿಗೆ ಖರ್ಚು ಹೇಳಿದರೆ ಯಾರೂ ಕೇಳುವುದಿಲ್ಲ.

ಕುಟ್ಟುವ ಸದ್ದು ಅಜ್ಜಿಯ ಶುಂಠಿ ಕಷಾಯದ್ದು. ಬೆಳಗ್ಗೆ ಐದೂ ಮುಕ್ಕಾಲಿಗೆ ಕಬ್ಬಿಣದ ಕುಟ್ಟಾಣಿ, ಗ್ರಾನೈಟ್ ಕಟ್ಟೆಯ ಮೇಲೆ. ಆ ಗ್ರಾನೈಟ್ ಗೋಡೆಯೊಳಗೆ ಕೂತಿರುವುದರಿಂದ ಪ್ರತಿ ಪೆಟ್ಟೂ ಗೋಡೆಗೇ ಬಿದ್ದ ಹಾಗೆ. ಅಜ್ಜಿಗೆ ಇದನ್ನು ಹೇಳುವುದು ಹೇಗೆ ಎಂದು ಮನೆಯವರು ಹಿಂಜರಿಯುತ್ತಿದ್ದರು. ಓನರ್ ಕೆಳಗೆ ಹೇಗೆ ಕೇಳಿಸುತ್ತದೆ ಎಂದು ವಿವರಿಸಿದಾಗ ಅಜ್ಜಿಯೇ “ಅಯ್ಯೋ, ಪಾಪ, ಮಲಗಿರ್ತಾರಾ? ರಾತ್ರೀನೇ ಜಜ್ಜಿ ಇಟ್ಕೊಂಡ್ರಾಯ್ತು ಬಿಡಿ” ಎಂದರು. ಹಗಲಲ್ಲಿ ಕುಟ್ಟುವಾಗ ನಾಲ್ಕು ಮಡಿಕೆ ಗೋಣಿಬಟ್ಟೆ ಕೆಳಗೆ. ಮಿಕ್ಸಿಯದು ತೊಂದರೆಯಲ್ಲದಿದ್ದರೂ ಅದನ್ನು ಗೋಡೆಯಿಂದ ಎರಡು ಇಂಚು ಈಚೆ ಎಳೆದು ರಬ್ಬರ್ ಮ್ಯಾಟಿನ ಮೇಲಿಟ್ಟರು.

ಕುರ್ಚಿಗಳಿಗೆ ಮೊದಲು ಹಾಕಿದ್ದು ಅಂಟಿಸುವ ಫೆಲ್ಟ್ ಬಿಲ್ಲೆ. ಒಂದು ತಿಂಗಳೊಳಗೆ ಅರ್ಧ ಉದುರಿದವು. ದಿನವೂ ಒದ್ದೆಬಟ್ಟೆಯಲ್ಲಿ ನೆಲ ಒರೆಸುವ ಮನೆಯಲ್ಲಿ ಅಂಟು ನಿಲ್ಲುವುದಿಲ್ಲ, ಧೂಳು ಕೂದಲು ಸೇರಿ ಫೆಲ್ಟ್ ಗಟ್ಟಿಯಾಗುತ್ತದೆ. ಆಮೇಲೆ ಕಬ್ಬಿಣದ ಕೊಳವೆ ಕಾಲಿನ ಕುರ್ಚಿಗಳಿಗೆ ಕಾಲಿನ ಹೊರ ಅಳತೆ ತೆಗೆದು ಒತ್ತಿ ಕೂರಿಸುವ ರಬ್ಬರ್ ಬುಷ್ ತಂದರು. ಆರು ಕುರ್ಚಿಗೆ 24. ಅಳತೆ ಒಂದೆರಡು ಮಿ.ಮೀ. ದೊಡ್ಡದಾದರೂ ಕುರ್ಚಿ ಎಳೆದಾಗ ಬುಷ್ ಕಳಚಿಕೊಳ್ಳುತ್ತದೆ, ಹಾಗಾಗಿ ಕಣ್ಣಂದಾಜು ನಡೆಯುವುದಿಲ್ಲ. ಮರದ ಕಾಲಿಗಾದರೆ ಸ್ಕ್ರೂ ಹಾಕುವ ಫೆಲ್ಟ್ ಸಿಗುತ್ತದೆ.

ಮಗುವಿನ ಓಟಕ್ಕೆ ಹಾಲಿನ 10×12 ಅಡಿ ಜಾಗದಲ್ಲಿ 12 ಮಿ.ಮೀ. ದಪ್ಪದ, ಒಂದಕ್ಕೊಂದು ಜೋಡಿಸುವ ಫೋಮ್ ಮ್ಯಾಟು. 2×2 ಅಡಿಯ 30 ತುಂಡು, ಸುಮಾರು 4,500 ರೂಪಾಯಿ, ಓನರ್ ಅರ್ಧ ಕೊಟ್ಟರು. ಇದರಿಂದ ಆಟಿಕೆ ಬೀಳುವ ಟಕ್ ಟಕ್ ಪೂರ್ತಿ ಹೋಯಿತು. ಓಟದ ಧಡ್ ಧಡ್ ತಗ್ಗಿತು, ಹೋಗಲಿಲ್ಲ. ದೇಹದ ತೂಕವೇ ತಾರಸಿಯನ್ನು ಅಲುಗಿಸುವಾಗ ಅರ್ಧ ಇಂಚಿನ ಮೆತ್ತೆ ಹೆಚ್ಚೇನೂ ಮಾಡಲಾರದು. ಉಳಿದದ್ದಕ್ಕೆ ಹೊತ್ತಿನ ಒಪ್ಪಂದ: ರಾತ್ರಿ ಒಂಬತ್ತೂವರೆಯ ನಂತರ ಓಡುವ ಆಟ ಇಲ್ಲ.

ಗೇಟಿನ ಚಿಲಕಕ್ಕೆ ಗ್ರೀಸ್, ತಡೆಗೆ ಒಂದು ರಬ್ಬರ್ ತುಂಡು. ಐದು ನಿಮಿಷದ ಕೆಲಸ.

ಕೆಳಗಿನವರಿಗೂ ಹೇಳಬೇಕಾದ ಮಾತಿತ್ತು, ಅದು ಹೆಚ್ಚು ಕಷ್ಟದ್ದು. “ಬೆಳಗ್ಗೆ ಆರರ ಮೇಲೆ ಮನೆ ಅಂದ್ಮೇಲೆ ಸದ್ದು ಇದ್ದೇ ಇರುತ್ತೆ. ಹನ್ನೊಂದು ಗಂಟೆವರೆಗೂ ಮೇಲ್ಗಡೆಯವ್ರು ಅಲುಗಾಡ್ಬಾರ್ದು ಅಂತ ನಾನು ಹೇಳಕ್ಕಾಗಲ್ಲ.” ರಾತ್ರಿ ಪಾಳಿಯವರ ಹಗಲು ನಿದ್ದೆಗೆ ನೆರೆಯವರ ಒಳ್ಳೆಯತನ ಸಿಗಬಹುದು, ಹಕ್ಕೆಂದು ಸಿಗುವುದಿಲ್ಲ. ಮಂಚವನ್ನು ಪೈಪಿನ ಗೋಡೆಯಿಂದ ಒಂದಡಿ ದೂರ ಸರಿಸಲು ಹೇಳಿದರು. ಮಂಚದ ತಲೆಹಲಗೆ ಗೋಡೆಗೆ ತಾಗಿದ್ದರೆ ಗೋಡೆಯ ನಡುಕ ನೇರ ದಿಂಬಿಗೇ ಬರುತ್ತದೆ. ಪೊರಕೆಯಿಂದ ತಾರಸಿಗೆ ಕುಟ್ಟುವುದು ನಿಲ್ಲಬೇಕು ಎಂಬುದನ್ನು ಸೇರಿಸಿಯೇ ಹೇಳಿದರು, ಮೆಸೇಜಿನಲ್ಲಿ ಅಲ್ಲ, ಎದುರಿಗೆ.

ಕಾನೂನು ಎಷ್ಟು ದೂರ ಬರುತ್ತದೆ

ಇಂಥ ಜಗಳದಲ್ಲಿ ಎರಡೂ ಕಡೆಯವರು ಬೇಗ ಪೊಲೀಸ್, ಡೆಸಿಬೆಲ್ ಎಂದು ಶುರುಮಾಡುತ್ತಾರೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್-ಎ. ರಾತ್ರಿ ಎಂದರೆ 10ರಿಂದ ಬೆಳಗ್ಗೆ 6. ಇದು ಪ್ರದೇಶದ ಸುತ್ತಲಿನ ಸದ್ದಿನ ಸರಾಸರಿಗೆ ಹಾಕಿದ ಮಿತಿ, ತಾರಸಿಯ ಮೂಲಕ ಬರುವ ಕುರ್ಚಿ ಸದ್ದಿಗೆ ಹೊಂದುವುದಿಲ್ಲ. ಮಿತಿಗಿಂತ 10 ಡೆಸಿಬೆಲ್ ಅಥವಾ ಹೆಚ್ಚು ಮೀರಿದಾಗ, ಇಲ್ಲವೇ ರಾತ್ರಿಯ ನಿರ್ಬಂಧ ಮುರಿದಾಗ ದೂರು ಕೊಡಬಹುದು. ಮನೆಯ ಸೌಂಡ್ ಸಿಸ್ಟಮ್ಮಿನ ಸದ್ದು ಆ ಜಾಗದ ಗಡಿಯಲ್ಲಿ ಮಿತಿಗಿಂತ 5 ಡೆಸಿಬೆಲ್ ಮೀರಬಾರದು. ರಾತ್ರಿ ಹನ್ನೊಂದಕ್ಕೆ ಟೆರೇಸಿನಲ್ಲಿ ಸ್ಪೀಕರ್ ಹಾಕಿದ್ದರೆ 112ಕ್ಕೆ ಕರೆ ಮಾಡುವುದು ಸರಿ, ಪೊಲೀಸರ ಹೊಯ್ಸಳ ಗಸ್ತು ಗಾಡಿ ಬಂದು ಎಚ್ಚರಿಸಿ ಹೋಗುತ್ತದೆ. ಮಗು ಓಡಿದ್ದಕ್ಕೆ ಕರೆದರೆ ಎರಡು ಮನೆಗಳ ಮಾತು ಪೂರ್ತಿ ನಿಲ್ಲುತ್ತದೆ, ಅಷ್ಟೇ.

ಓನರಿನ ಸ್ಥಾನವನ್ನೂ ನೋಡಬೇಕು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಗೆ ಅನ್ವಯಿಸುವುದಿಲ್ಲ, ಅಂದರೆ ಇಂದಿನ ಬಹುತೇಕ ಮನೆಗಳು ಅದರ ಹೊರಗೆ. ಅವುಗಳಿಗೆ ಅಗ್ರಿಮೆಂಟು ಮತ್ತು 1882ರ ಸ್ವತ್ತು ವರ್ಗಾವಣೆ ಕಾಯ್ದೆಯೇ ಆಧಾರ. ಅದರ 108ನೇ ಸೆಕ್ಷನ್ನಿನಂತೆ ಬಾಡಿಗೆ ಕಟ್ಟಿ ಷರತ್ತು ಪಾಲಿಸುವವರು ಅಡ್ಡಿಯಿಲ್ಲದೆ ಮನೆ ಅನುಭವಿಸಬಹುದು. ಸದ್ದು ಮಾಡುವ ಮೋಟಾರು ಓನರಿನದೇ ಆಗಿರುವಾಗ “ನಿಮ್ಮ ನಿಮ್ಮಲ್ಲೇ ನೋಡ್ಕೊಳ್ಳಿ” ಎನ್ನುವುದು ಕಾನೂನಿನ ದೃಷ್ಟಿಯಲ್ಲೂ ದುರ್ಬಲ ಉತ್ತರ.

ನಿಜವಾಗಿಯೂ ಮಾತು ಕೇಳದ ಬಾಡಿಗೆದಾರರಿದ್ದರೆ? ದಿನಾಂಕ ಸಹಿತ ಬರಹದ ಎಚ್ಚರಿಕೆ, ಆಮೇಲೆ ಅಗ್ರಿಮೆಂಟಿನಲ್ಲಿ ಬರೆದಷ್ಟು ಅವಧಿಯ ನೋಟಿಸು. ಅಗ್ರಿಮೆಂಟು ಮೌನವಾಗಿದ್ದು ತಿಂಗಳ ಬಾಡಿಗೆಯಾಗಿದ್ದರೆ 106ನೇ ಸೆಕ್ಷನ್ನಿನ 15 ದಿನದ ನೋಟಿಸು. ಆಗಲೂ ಖಾಲಿ ಮಾಡದಿದ್ದರೆ ದಾರಿ ನ್ಯಾಯಾಲಯ ಒಂದೇ. ಬೀಗ ಬದಲಿಸಿದರೆ ಬಾಡಿಗೆದಾರರು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ನಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಮನೆಯನ್ನು ಮರಳಿ ಪಡೆಯಬಹುದು. ನೀರು, ಕರೆಂಟು ಕಡಿಯುವುದು, ಸದ್ದಿನ ದಂಡವೆಂದು ಅಡ್ವಾನ್ಸಿನಲ್ಲಿ ಮುರಿದುಕೊಳ್ಳುವುದು ಓನರನ್ನೇ ಕಟಕಟೆಗೆ ತರುತ್ತವೆ. ದೂರು ಕೊಟ್ಟವರಿಗೇ ಬಿಟ್ಟು ಹೋಗುವ ಮನಸ್ಸಿದ್ದರೆ ನೋಟಿಸಿನ ಅವಧಿ ಮತ್ತು ಪೇಂಟಿಂಗಿಗೆಂದು ಮುರಿಯುವ ಒಂದು ತಿಂಗಳ ಬಾಡಿಗೆ ಎರಡನ್ನೂ ಬಿಟ್ಟು ಅಡ್ವಾನ್ಸ್ ಪೂರ್ತಿ ಕೊಟ್ಟು ಕಳಿಸುವುದು ವಾಸಿ. ಇಲ್ಲಿ ಅದನ್ನು ಹೇಳಿದ್ದರು; ಅವರು ಹೋಗಲಿಲ್ಲ.

ಬರೆದಿಟ್ಟದ್ದು

ನಾಲ್ಕೂ ಮನೆಗೆ ಒಂದೇ ಪತ್ರ, ಒಂದೇ ದಿನ, ಬೇರೆ ಬೇರೆಯಾಗಿ. ಯಾರ ಹೆಸರೂ ಇಲ್ಲ. ಕಟ್ಟಡದ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಹಾಕಲಿಲ್ಲ. ಗ್ರೂಪಿನಲ್ಲಿ ಬಂದ ಸೂಚನೆಗೆ ಕೆಳಗೆ ಯಾರಾದರೂ ಒಂದು ಹೆಬ್ಬೆರಳು ಒತ್ತಿದರೂ ಅದು ಟೀಕೆಯಾಗಿ ಕಾಣುತ್ತದೆ. ಪತ್ರದ ತಿರುಳು: ಮೋಟಾರು ಸಂಜೆ 7ಕ್ಕೆ ಮಾತ್ರ, ಬೇರೆ ಹೊತ್ತಿಗೆ ಬೇಕಾದರೆ ಓನರಿಗೆ ತಿಳಿಸಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ವಾಷಿಂಗ್ ಮಷೀನು, ಗ್ರೈಂಡರು, ಮೊಳೆ ಹೊಡೆಯುವುದು, ಪೀಠೋಪಕರಣ ಸರಿಸುವುದು ಬೇಡ. ಸದ್ದಿನ ತೊಂದರೆಯಿದ್ದರೆ ಓನರಿಗೆ ಹೊತ್ತು ಸಹಿತ ಮೆಸೇಜ್ ಮಾಡಿ, ಎರಡು ದಿನದೊಳಗೆ ಉತ್ತರ ಸಿಗುತ್ತದೆ.

ಮುಂದಿನ 11 ತಿಂಗಳ ಅಗ್ರಿಮೆಂಟಿಗೆ ಸೇರಿದ ಷರತ್ತು ಹೀಗಿದೆ: “ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬೇರೆ ಮನೆಗಳಿಗೆ ಕೇಳುವಂತೆ ಯಂತ್ರ, ಸ್ಪೀಕರ್ ಬಳಸುವುದಿಲ್ಲ. ಕುರ್ಚಿ, ಮೇಜುಗಳ ಕಾಲಿಗೆ ರಬ್ಬರ್ ಬುಷ್ ಬಾಡಿಗೆದಾರರೇ ಹಾಕಿಸುತ್ತಾರೆ. ಮೋಟಾರು, ಪೈಪು, ಗೇಟು, ಬಾಗಿಲುಗಳ ಸದ್ದನ್ನು ತಿಳಿಸಿದ 7 ದಿನದೊಳಗೆ ಮಾಲೀಕರು ಸರಿಪಡಿಸುತ್ತಾರೆ. ಮಕ್ಕಳ ಸಹಜ ಓಡಾಟ, ನಡಿಗೆ, ಅಡುಗೆಯ ಸದ್ದು ಉಲ್ಲಂಘನೆಯಲ್ಲ.” ಕೊನೆಯ ವಾಕ್ಯವೇ ಹೆಚ್ಚು ಕೆಲಸಕ್ಕೆ ಬರುವುದು. ಅದಿಲ್ಲದ ಷರತ್ತು ಮಗುವಿರುವ ಮನೆಯನ್ನು ಖಾಲಿ ಮಾಡಿಸುವ ಅಸ್ತ್ರವಾಗಿಬಿಡುತ್ತದೆ.

ಆರು ವಾರದ ನಂತರ ಮತ್ತೆ ಒಂದು ವಾರದ ಪಟ್ಟಿ ಬರೆಸಿದರು. 4 ನಮೂದು, ಮೂರು ಬೆಳಗ್ಗೆ ಏಳರ ಮೇಲಿನ ನಡಿಗೆ, ಒಂದು ರಾತ್ರಿ 9:50ರ ಓಟ. ಓಟದ್ದನ್ನು ಓನರ್ ಮೇಲೆ ಹೇಳಲಿಲ್ಲ, ಒಂದೇ ಸಲದ್ದಕ್ಕೆ ಹೇಳಬಾರದೆಂಬುದು ಅವರ ಲೆಕ್ಕ. ಎರಡು ಮನೆಗಳ ನಡುವೆ ಸ್ನೇಹವೇನೂ ಬೆಳೆದಿಲ್ಲ. ಕೆಳಗಿನವರಿಗೆ ಮೇಲಿನವರು “ಸ್ವಲ್ಪ ಜೋರಿನ ಜನ” ಎಂಬ ಅಭಿಪ್ರಾಯ ಈಗಲೂ ಇದೆ.

ಮೂರು ಹಾಳೆಗಳ ಪಟ್ಟಿ, ಪ್ಲಂಬರಿನ ಬಿಲ್ಲು, ಪತ್ರದ ಪ್ರತಿ ಒಂದೇ ಫೈಲಿನಲ್ಲಿವೆ. ಮೋಟಾರಿನ ರಬ್ಬರ್ ಬುಷ್ ಬಿಸಿಲಿಗೆ ಗಟ್ಟಿಯಾಗುವುದರಿಂದ ವರ್ಷಕ್ಕೊಮ್ಮೆ ಉಗುರಿನಲ್ಲಿ ಒತ್ತಿ ನೋಡಬೇಕು. ಉಗುರಿನ ಗುರುತು ಬೀಳದಿದ್ದರೆ ಬದಲಿಸಬೇಕು. ಎರಡನೇ ಮಹಡಿ ಯಾವಾಗ ಖಾಲಿಯಾದರೂ ಹೊಸಬರು ಬರುವ ಮೊದಲು ಅದೇ ಇಪ್ಪತ್ತು ನಿಮಿಷದ ಪರೀಕ್ಷೆ ಮತ್ತೆ ಮಾಡುವುದೆಂದು ಫೈಲಿನ ಮೇಲೆಯೇ ಬರೆದಿಟ್ಟಿದ್ದಾರೆ. ಹೊಸಬರ ವಾಷಿಂಗ್ ಮಷೀನು ಫ್ರಂಟ್ ಲೋಡ್ ಆಗಿದ್ದರೆ ಅದರ ಹಿಂಬದಿಯ ಸಾಗಣೆ ಬೋಲ್ಟುಗಳನ್ನು (ಸಾಗಿಸುವಾಗ ಒಳಗಿನ ಡ್ರಮ್ ಅಲುಗದಂತೆ ಹಿಡಿದಿಡುವವು) ಬಿಚ್ಚಿದ್ದಾರೆಯೇ ಎಂದು ಮೊದಲ ದಿನವೇ ಕೇಳುವುದನ್ನೂ ಸೇರಿಸಿದ್ದಾರೆ. ಅವನ್ನು ಬಿಚ್ಚದೆ ಮಷೀನು ಹಾಕಿದರೆ ಅದು ನೆಲದ ಮೇಲೆ ಕುಣಿಯುತ್ತದೆ.